ಹೆಗಲ ಮೇಲೆ ಹೋದ ಮನೆ

ಅಕ್ಟೋಬರ್ 9, ಸೋಮವಾರ

ಮೀನು ಕಡಿಮೆ. ಬಂದದ್ದರಲ್ಲೂ ಮುಳ್ಳೇ ಜಾಸ್ತಿ. ನನ್ನ ಶೆಡ್ಡಿನ ಕೆಲಸಗಾರ ಕಲಾಮಿಯಾ ರುಬ್ಬುತ್ತಿದ್ದ, ನಾನು ಸಬ್ಬಕ್ಕಿ ಹಿಟ್ಟು ಸೇರಿಸಿ ಉರುಳೆ ಹೊಸೆಯುತ್ತಿದ್ದೆ. ಆಗ ಊರ ಕಮಿಟಿಯವರು ಬಂದರು. ಮೂಗು ಮುಚ್ಚಿಕೊಂಡು. ಈ ಕರಾವಳಿಯ ಅರ್ಧ ಜನ ಮೀನಿನ ಉರುಳೆ ಮಾರಿಯೇ ಮಕ್ಕಳನ್ನು ಓದಿಸಿದ್ದು. ವಾಸನೆ ಮಾತ್ರ ಈಗ ಆಗುವುದಿಲ್ಲ.

ಇಬ್ಬರು. ಊರ ಮುಖ್ಯಸ್ಥ ವಾನ್ ಹಾಶಿಮ್. ಕ್ವಾಲಾಲಂಪುರದ ಯೂನಿವರ್ಸಿಟಿಯಿಂದ ಬಂದ ಡಾಕ್ಟರ್ ಇಜ್ಜಾತಿ—ಔಷಧಿಯ ಡಾಕ್ಟರ್ ಅಲ್ಲ, ನೆನಪಿನ ಡಾಕ್ಟರ್. ಸ್ಮಾರಕ ಕಟ್ಟುತ್ತಾರಂತೆ. 1978ರಲ್ಲಿ ವಿಯೆಟ್ನಾಮಿನಿಂದ ಪ್ರಾಣ ಉಳಿಸಿಕೊಂಡು ಬಂದವರ ದೋಣಿಯನ್ನು ನಮ್ಮೂರ ಗಂಡಸರು ಬಿದಿರ ಗಳುಗಳಿಂದ ಕಡಲಿಗೆ ತಳ್ಳಿದರಲ್ಲ, ಅಳಿವೆಯ ಬಾಯಲ್ಲಿ ಅದು ಮಗುಚಿತಲ್ಲ, ಅದಕ್ಕೆ. ನವೆಂಬರ್ ನಾಲ್ಕಕ್ಕೆ ಊರು ಕ್ಷಮೆ ಕೇಳುತ್ತದೆ. ಕಲ್ಲು, ಹೆಸರುಗಳು, ಕೂರಲು ಬೆಂಚು.

ಒಳ್ಳೆಯದೇ. ಜಾಗ ಎಲ್ಲಿ, ಕೇಳಿದೆ.

ತೆಂಗಿನ ಸಾಲಿನ ಹಿಂದಿನ ಮಸೀದಿಯ ವಕ್ಫ್ ಜಾಗ.

ಕಲಾಮಿಯಾ ರುಬ್ಬುವುದನ್ನು ನಿಲ್ಲಿಸಿದ. ಆ ಜಾಗದಲ್ಲಿ ಇರುವುದು ಅವನ ಮನೆ. ಬರ್ಮಾದ ರೊಹಿಂಗ್ಯಾ. ಊರು ಸುಟ್ಟು ಓಡಿಸಿದ ಮೇಲೆ ಇಲ್ಲಿಗೆ ಬಂದವನು. ಹಳೆಯ ಇಮಾಮರು ಬದುಕಿದ್ದಾಗ ಅನುಮತಿ ಕೊಟ್ಟರು. ಒಡೆದ ದೋಣಿಗಳ ಹಲಗೆ ತಂದು ಕಂಬಗಳ ಮೇಲೆ ಮನೆ ಕಟ್ಟಿಕೊಂಡ. ಹೆಂಡತಿ ಸೆನುವಾರಾ ಈಗ ಏಳು ತಿಂಗಳ ಬಸುರಿ.

"ಅದೊಂದು ಸಣ್ಣ ಅಡಚಣೆ, ಮಾಕ್ ಸು," ಅಂದ ಹಾಶಿಮ್; ಊರಿಗೆಲ್ಲ ನಾನು ಮಾಕ್ ಸು, ಅಂದರೆ ಚಿಕ್ಕಮ್ಮ. ಅಡಚಣೆ ಅಲ್ಲೇ ನಿಂತು ಮೀನಿನ ಕೈ ಒರೆಸಿಕೊಳ್ಳುತ್ತಿತ್ತು.

ಓಡಿಸಿಕೊಂಡವರ ನೆನಪಿಗೆ ಕಲ್ಲು ನೆಡಲು, ಓಡಿ ಬಂದವನನ್ನು ಓಡಿಸಬೇಕು. ಇದನ್ನು ಯಾರಾದರೂ ನಗೆನಾಟಕಕ್ಕೆ ಬರೆದಿದ್ದರೆ, ಅತಿಯಾಯಿತು ಅನ್ನುತ್ತಿದ್ದೆ.

ಅಕ್ಟೋಬರ್ 12, ಗುರುವಾರ

ಸಮುದಾಯ ಭವನದಲ್ಲಿ ಚರ್ಚೆ. ಬ್ಯಾನರಿನ ಮೇಲೆ: "ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಹುದೇ?" ಫ್ಯಾನಿನ ಗಾಳಿಗೆ ಬ್ಯಾನರು ಹೊಟ್ಟೆ ಉಬ್ಬಿಸುತ್ತಿತ್ತು, ಮುಂದಿನ ಸಾಲಿನವರ ಹಾಗೆ.

ಇಜ್ಜಾತಿ ಅಳೆಯಬೇಕು ಅಂದಳು. ಚೆನ್ನಾಗಿ ಮಾತಾಡುತ್ತಾಳೆ, ಅದೇ ತೊಂದರೆ. ಹಾಶಿಮ್ ಅಳೆಯಬಾರದು ಅಂದ. ಅಂದು ಗಳು ಹಿಡಿದವರ ಮುಂದಾಳು ಅವನ ತಾತನೇ. ಕಾಲ ಬೇರೆ, ಬಡತನ, ರೇಡಿಯೋದಲ್ಲಿ ಬರುತ್ತಿದ್ದ ಭಯ, ಸರ್ಕಾರದ ಆದೇಶ. ಅವರಿಗೆ ಗೊತ್ತಿರಲಿಲ್ಲ. ದೋಣಿಗೆ ಒಂದು ಮೂಟೆ ಅಕ್ಕಿಯನ್ನೂ ಕೊಟ್ಟೇ ತಳ್ಳಿದ್ದಂತೆ. ಅದು ನಿಜ. ಅಕ್ಕಿಯೂ ಮುಳುಗಿತು.

ಎರಡೂ ಕಡೆಗೆ ಚಪ್ಪಾಳೆ. ಸತ್ತವರನ್ನು ಬಯ್ಯಲು ಧೈರ್ಯ ಬೇಡ, ಸತ್ತವರನ್ನು ಕ್ಷಮಿಸಲು ಖರ್ಚಿಲ್ಲ. ಚಪ್ಪಾಳೆ ಮಾತ್ರ ಎರಡಕ್ಕೂ ಒಂದೇ.

ಕೈ ಎತ್ತಿದೆ. ಫ್ಯಾಕ್ಟರಿ ಗೇಟಿನಲ್ಲಿ ಯೂನಿಯನ್ನಿಗಾಗಿ ಕೂಗಿದ ಗಂಟಲು, ಮೈಕು ಬೇಕಾಗಲಿಲ್ಲ. ಅವತ್ತು ನನಗೆ ಒಂಬತ್ತು ವರ್ಷ, ದಡದಲ್ಲಿ ಇದ್ದೆ ಅಂದೆ. ನನ್ನಜ್ಜಿ ಸೆಮಾ ಸೊಂಟದ ಮಟ್ಟ ನೀರಿಗೆ ಇಳಿದು ದೋಣಿಯ ಹಗ್ಗ ಹಿಡಿದುಕೊಂಡಿದ್ದಳು. ಗಂಡಸರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ತಾಯಿ ಕುಡಿಸಿದ ಹಾಲು ನಿಮಗೆ ಹರಾಮು ಅಂದಳು. ಅವರು ಅವಳನ್ನು ಹೊಡೆಯಲಿಲ್ಲ. ಮರ್ಯಾದಸ್ಥರು. ಹಗ್ಗದಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಇಂದಿನ ಅಳತೆಗೋಲು ಯಾಕ್ರೀ ಬೇಕು? ಅವತ್ತಿನ ಅಳತೆಗೋಲು ಅವತ್ತೇ ನೀರಲ್ಲಿ ನಿಂತಿತ್ತು. ಬೆರಳು ಬಿಡಿಸಿದೋರು ನೀವೇ. ಗೊತ್ತಿರಲಿಲ್ಲ ಅಂತ ಮಾತ್ರ ಹೇಳ್ಬೇಡಿ."

ಆಮೇಲೆ ಇಜ್ಜಾತಿ ಪಕ್ಕದವಳನ್ನು ಮೆತ್ತಗೆ ಕೇಳಿದಳು—ರೆಕಾರ್ಡ್ ಆಯ್ತಾ?

ಟೀ ಹೊತ್ತಿಗೆ ಇಬ್ಬರನ್ನೂ ಹಿಡಿದೆ. ಕಲಾಮಿಯಾನ ಮನೆಯನ್ನು ನನ್ನ ಶೆಡ್ಡಿನ ಹಿಂದಿನ ಅಂಗಳಕ್ಕೆ ತನ್ನಿ, ನನ್ನದೇ ಜಾಗ, ಯಾರಪ್ಪನ ಅಪ್ಪಣೆಯೂ ಬೇಡ. ಹಾಶಿಮ್ ಕೇಕು ಅಗಿಯುತ್ತ ಅಂದ: ಅಕ್ಕಪಕ್ಕದವರು ಒಪ್ಪುವುದಿಲ್ಲ. ಇವತ್ತು ಒಂದು ಮನೆ, ನಾಳೆ ಹತ್ತು. ಅಳಿವೆಯ ಮರಳುದಿಬ್ಬದ ಮೇಲೆ ಇಡೋಣ, ತಾತ್ಕಾಲಿಕ.

ಹಿಂಗಾರು ಮಳೆ ಬಂದರೆ ಆ ದಿಬ್ಬ ಮುಳುಗುತ್ತದೆ ಅಂದೆ. ಊರಿನ ಆಡುಗಳಿಗೂ ಗೊತ್ತು.

ಇಜ್ಜಾತಿಯ ಕಡೆ ನೋಡಿದೆ. ಪ್ರಸ್ತುತ ವಲಸೆ ನೀತಿ ತನ್ನ ಪ್ರಾಜೆಕ್ಟಿನ ವ್ಯಾಪ್ತಿಗೆ ಬರುವುದಿಲ್ಲವಂತೆ. 1978 ಬರುತ್ತದೆ. 1978ಕ್ಕೆ ವೀಸಾ ಬೇಡ, ಹೊಟ್ಟೆ ಇಲ್ಲ, ಹೆರಿಗೆಯೂ ಇಲ್ಲ.

ಅಕ್ಟೋಬರ್ 20, ಶುಕ್ರವಾರ

ಒಯ್ದರು.

ನಮ್ಮಲ್ಲಿ ಮನೆ ಬದಲಿಸುವುದೆಂದರೆ ಹೀಗೆ: ನೆಲಹಲಗೆಯ ಅಡಿ ಗಳುಗಳನ್ನು ತೂರಿಸಿ, ಇಡೀ ಊರು ಹೆಗಲು ಕೊಟ್ಟು, ಮನೆಯನ್ನು ಹಾಗೇ ಎತ್ತಿಕೊಂಡು ಹೋಗುವುದು. ಕೂಲಿ ಇಲ್ಲ. ಗಂಜಿ ಇದೆ. ಮದುವೆಯಷ್ಟೇ ಗಲಾಟೆ. ಚಿಕ್ಕವಳಿದ್ದಾಗ ಇದಕ್ಕಿಂತ ಚಂದದ ನೋಟ ಇನ್ನೊಂದಿಲ್ಲ ಅಂದುಕೊಂಡಿದ್ದೆ. ಅದನ್ನೂ ಹೊಲಸು ಮಾಡಿದರು.

ಹೊರಹಾಕುತ್ತಿಲ್ಲ, ಮನೆ ಬದಲಿಸಲು ಕೈ ಜೋಡಿಸುತ್ತಿದ್ದೇವೆ—ಹಾಶಿಮ್ ಹೀಗೆ ಹೇಳಿಕೊಂಡು ಓಡಾಡುತ್ತಿದ್ದ. ಜುಮ್ಮಾ ನಮಾಜು ಮುಗಿಸಿ ಗಂಡಸರು ಹಾಗೇ ಬಂದರು. ದೇವರ ಮುಂದೆ ಬಾಗಿದ ಬೆನ್ನು ಇನ್ನೂ ನೆಟ್ಟಗಾಗಿರಲಿಲ್ಲ.

ಕೂಗು ಹಾಕುವವನು ಜೆನಲ್. ನನ್ನ ದೊಡ್ಡಪ್ಪನ ಮಗ, ನನಗೆ ಆಬಾಂಗ್, ಅಂದರೆ ಅಣ್ಣ. ಅವನ ಕೂಗಿಲ್ಲದೆ ಈ ಕರಾವಳಿಯಲ್ಲಿ ಮನೆ ಏಳುವುದಿಲ್ಲ. ಒಳಗೆ ನೆಲದ ನಡುವೆ ತುಂಬಿದ ಲೋಟ ಇಡಿಸುತ್ತಾನೆ, ನೀರು ತುಳುಕಬಾರದು. ಇನ್ನೊಂದು ಕಟ್ಟು: ಒಳಗೆ ಜೀವ ಇರಬಾರದು. ಜೀವವನ್ನು ಹೆಗಲ ಮೇಲೆ ಹೊತ್ತರೆ ಅದು ಮನೆಯಲ್ಲ, ಜನಾಜಾ, ಹೆಣದ ಚಟ್ಟ ಅನ್ನುತ್ತಾನೆ. ಅದಕ್ಕೇ ಎತ್ತುವ ಮುಂಚೆ ಮೂರು ಸಲ ಕೇಳುತ್ತಾನೆ: ಒಳಗೆ ಯಾರಿದ್ದೀರಿ? ಇವತ್ತೂ ಕೇಳಿದ. ಕಿಟಕಿಯ ಹತ್ತಿರ ಇದ್ದ ಹಾಶಿಮ್ ಮೂರು ಸಲವೂ "ಯಾರೂ ಇಲ್ಲ" ಅಂದ.

ದಾರಿಗೆ ಅಡ್ಡ ನಿಂತೆ. ಹಾಶಿಮನ ಕಡೆಯವರು ಮೈ ಮುಟ್ಟಲಿಲ್ಲ. ಮಾಕ್ ಸು ಬಿಸಿಲು, ಮಾಕ್ ಸು ಕೂತ್ಕೊಳ್ಳಿ ಅನ್ನುತ್ತ ಕೈಗೆ ಬಿಸಿ ಗಂಜಿಯ ಬಟ್ಟಲು ಕೊಟ್ಟರು. ಎರಡೂ ಕೈ ತುಂಬಿತು. ಬೆರಳು ಬಿಡಿಸುವುದಕ್ಕೆ ಈಗಿನವರು ಕಂಡುಕೊಂಡ ಉಪಾಯ.

ಕಲಾಮಿಯಾ? ಅವನೂ ಹೆಗಲು ಕೊಟ್ಟ. ತನ್ನ ಮನೆಗೆ. ಕರೆದರೂ ತಿರುಗಲಿಲ್ಲ.

ದಿಬ್ಬದ ಮೇಲೆ ಇಳಿಸಿದ ಮೇಲೆ ಜೆನಲ್ ಬಾಗಿಲಿಗೆ ಇಣುಕಿ ಲೋಟ ನೋಡಿ ಬಂದ, ಮುಖ ಅಗಲ ಮಾಡಿಕೊಂಡು. "ಒಂದು ಹನಿ ಚೆಲ್ಲಿಲ್ಲ ಸು." ಇಟ್ಟ ಜಾಗ ಎಂಥದ್ದು ಅಂತ ಕೇಳಿದೆ. ಎಲ್ಲಿಡ್ಬೇಕು ಅನ್ನೋದು ಹೊರೋನ ಕೆಲಸ ಅಲ್ಲ ಅಂದ.

ಅಂದು ಗಳು ಹಿಡಿದಿದ್ದ ಇವನ ಅಪ್ಪನೂ ಹೀಗೇ ಹೇಳಿರಬೇಕು.

ನವೆಂಬರ್ 4, ಶನಿವಾರ

ಎರಡು ವಾರ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ.

ಇವತ್ತು ಕ್ಷಮೆ ಕೇಳಿದರು. ಹಾಶಿಮ್ ತಾತನ ಪರವಾಗಿ ಕಣ್ಣೊರೆಸಿಕೊಂಡ. ಕ್ಯಾಮೆರಾ ಬೇರೆ ಕಡೆ ತಿರುಗಿತ್ತೆಂದು ಇನ್ನೊಮ್ಮೆ ಒರೆಸಿಕೊಂಡ. ಸಿಡ್ನಿಯಿಂದ ಅತಿಥಿ: ಮಿಸ್ಟರ್ ತೈ. ಅಂದು ಮಗುಚಿದ ದೋಣಿಯಲ್ಲಿದ್ದವನು, ಬದುಕಿ ಉಳಿದವನು. ಅವನ ತಾಯಿ ಉಳಿಯಲಿಲ್ಲ. ಕಲ್ಲಿನ ಮೇಲಿನ ಅವಳ ಹೆಸರನ್ನು ಅಂಗೈಯಿಂದ ಒರೆಸುತ್ತ ಕೂತ. ಆ ಅಳು ಸುಳ್ಳಲ್ಲ.

ಊಟದ ಹೊತ್ತಿಗೆ ಅವನನ್ನು ಕರೆದುಕೊಂಡು ಹೋಗಿ ದಿಬ್ಬ ತೋರಿಸಿದೆ. ನಿಮ್ಮ ದೋಣಿ ಮಗುಚಿದ್ದು ಅಲ್ಲೇ. ಈಗ ಅಲ್ಲೊಂದು ಮನೆ ಇದೆ, ಅದರಲ್ಲಿ ಬಸುರಿ ಇದ್ದಾಳೆ. ಯಾರು ಇಟ್ಟರು, ಯಾಕೆ ಇಟ್ಟರು, ಎಲ್ಲ ಹೇಳಿದೆ. ಹಾಶಿಮನಿಗೆ ನೀವು ಒಂದು ಮಾತು ಹೇಳಿದರೆ ಸಾಕು, ಇವತ್ತು ನಿಮ್ಮ ಮಾತು ತೆಗೆದುಹಾಕುವ ಧೈರ್ಯ ಅವನಿಗಿಲ್ಲ.

ತಟ್ಟೆ ಹಿಡಿದೇ ದಿಬ್ಬ ನೋಡಿದ. ಆಮೇಲೆ ಅಂದ: "ನಮ್ಮನ್ನ ಇವರ ಜೊತೆ ಸೇರಿಸ್ಬೇಡಿ ಮೇಡಂ. ನಾವು ದುಡಿದು ತಿಂದ ಜನ."

ಕಲಾಮಿಯಾ ರುಬ್ಬಿದ ಮೀನಿನ ಉರುಳೆಯೇ ಅವನ ತಟ್ಟೆಯಲ್ಲಿತ್ತು. ಅವನ ತಾಯಿಯ ಹೆಸರು ಆ ಕಲ್ಲಿನ ಮೇಲಿದೆ ಅನ್ನೋ ಒಂದೇ ಕಾರಣಕ್ಕೆ ಬಯ್ಯಲಿಲ್ಲ. ಬಯ್ಯಬೇಕಿತ್ತು. ನೋವು ಉಂಡವರಿಗೆ ಬುದ್ಧಿ ಬರುತ್ತದೆ ಅಂತ ಯಾರು ಹೇಳಿಕೊಟ್ಟರೋ ನಮಗೆ. ಯೂನಿಯನ್ನಿನ ತರಗತಿಯಲ್ಲೇ ಇರಬೇಕು.

ಇಜ್ಜಾತಿ ಪಿಂಗಾಣಿ ಬಟ್ಟಲು ಉಡುಗೊರೆ ಪಡೆದು ಹೋದಳು. ಮೋಡ ಕಟ್ಟಿದೆ.

ನವೆಂಬರ್ 5, ಭಾನುವಾರ

ಮಳೆ. ಗಾಳಿ ಕಡಲ ಕಡೆಯಿಂದ. ದಿಬ್ಬದ ಮನೆಯ ಕೊನೆಯ ಮೆಟ್ಟಿಲು ಮುಳುಗಿದೆ. ಸೆನುವಾರಾಳನ್ನು ನನ್ನ ಮನೆಗೆ ಬಾ ಅಂತ ಕರೆಯಲು ಮೊಣಕಾಲು ನೀರಲ್ಲಿ ಹೋದೆ. ಬರಲೊಲ್ಲಳು. ಬಿಟ್ಟು ಬಂದರೆ, ಖಾಲಿ ಬಿದ್ದಿದೆ ಅಂತ ಹಾಶಿಮ್ ಮನೆ ಕೆಡವಿಸುತ್ತಾನೆ. ಒಂದು ಸಲ ಮನೆ ಬಿಟ್ಟು ಓಡಿದ್ದು ಸಾಕು, ಅಂದಳು.

ವಾಪಸು ಬರುವಾಗ ಕಲಾಮಿಯಾ ಹೇಳಿದ. ನೀರನ್ನೇ ನೋಡುತ್ತ ಹೇಳಿದ.

"ಅವತ್ತೂ ಅವಳು ಇಳೀಲಿಲ್ಲ, ಮಾಕ್ ಸು. ಒಳಗೇ ಇದ್ಲು. ಬಾಯಿ ಬಿಟ್ರೆ ಹಲಗೆ ಕಿತ್ತು ಒಯ್ತಾರೆ ಅಂತ ಹೆದರಿಕೆ. ಲೋಟ ಎರಡೂ ಕೈಲಿ ಹಿಡ್ಕೊಂಡು ಕೂತಿದ್ಲು, ಚೆಲ್ಲಿದ್ರೆ ಜೆನಲಣ್ಣ ಒಳಗೆ ಬಂದು ನೋಡ್ತಾರೆ ಅಂತ. ಇಳಿಸಿದ ಮೇಲೆ ಲೋಟ ನೆಲಕ್ಕಿಟ್ಟು ಬಾಗಿಲ ಹಿಂದೆ ನಿಂತ್ಲು. ನಾನು ಅವಳ ಅಡಿಗೇ ಹೆಗಲು ಕೊಟ್ಟೆ."

ಹಾಶಿಮ್ ನೋಡಲಿಲ್ವಾ?

"ಕಿಟಕೀಲಿ ನೋಡಿದ್ರು. ಕಣ್ಣಿಗೆ ಕಣ್ಣು ಸಿಕ್ತು ಅಂತಾಳೆ."

ಯಾರೂ ಇಲ್ಲ, ಅಂದಿದ್ದ. ಮೂರು ಸಲ. ಸುಳ್ಳು ಅಂತ ಅವನಿಗೆ ಅನ್ನಿಸಿರಲಿಕ್ಕಿಲ್ಲ. ಅವನ ಲೆಕ್ಕದಲ್ಲಿ ಅವಳು ಯಾರೂ ಅಲ್ಲ.

ನವೆಂಬರ್ 6, ಸೋಮವಾರ

ಬೆಳಿಗ್ಗೆಯೇ ಜೆನಲನ ಮನೆಗೆ. ಬಲೆ ಹರಡಿಕೊಂಡು ಕೂತಿದ್ದ, ಮುಖ ಊದಿಸಿಕೊಂಡು. ಸಮಾರಂಭದಲ್ಲಿ ಇಜ್ಜಾತಿ ಅವನ ಅಪ್ಪನ ಹೆಸರು ಓದಿದ್ದಳು, ಗಳು ಹಿಡಿದವರ ಪೈಕಿ. ಅದೇ ಗಾಯ. ನಾನು ಕೂರುವ ಮುಂಚೆಯೇ ಶುರು ಮಾಡಿದ: ಅಪ್ಪ ಅಕ್ಕಿ ಹೊತ್ತು ಕೊಟ್ಟವನು, ಇದನ್ನು ಯಾಕೆ ಓದಲಿಲ್ಲ? ಐವತ್ತು ವರ್ಷ ಆಗುತ್ತಾ ಬಂದ ಮೇಲೆ ಎಲ್ಲಿಂದಲೋ ಬಂದ ಹೆಂಗಸು ಅಳೆಯುತ್ತಾಳಾ?

"ಅಪ್ಪನ್ನ ಬಿಡು ಆಬಾಂಗ್. ನಿನ್ನ ಲೋಟದ ಮಾತು ಹೇಳ್ತೀನಿ ಕೇಳು."

ಹೇಳಿದೆ. ಎಲ್ಲಾ ಹೇಳಿದೆ.

ಬಲೆಯ ಸೂಜಿ ಕೆಳಗಿಟ್ಟ. ನಾನು ಅವನ ಮುಖದಲ್ಲಿ ಇಂಥದ್ದನ್ನು ನೋಡಿರಲಿಲ್ಲ. "ಮೂರು ಸಲ ಕೇಳ್ದೆ ಸು," ಅಂದ. ಮತ್ತೆ ಅದನ್ನೇ ಅಂದ.

"ಕೇಳ್ದೆ. ಬಾಗಿಲಲ್ಲಿ ಕೇಳ್ಬೇಕಿತ್ತು, ನೀನು ಹಾಶಿಮನ್ನ ಕೇಳ್ದೆ."

"ಜೀವ ಇರೋ ಮನೆ ಹೊತ್ಬಿಟ್ನಲ್ಲೇ. ಎರಡು ಜೀವ."

ಅವಳನ್ನು ಮರಳಿನ ಮೇಲೆ ಎಸೆದದ್ದಕ್ಕೆ ನಾಚಿಕೆ ಇಲ್ಲ. ಕಸುಬಿನ ಕಟ್ಟು ಮುರಿದದ್ದಕ್ಕೆ ನಾಚಿಕೆ. ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ. ಇರಲಿ. ನಾಚಿಕೆ ಯಾವ ಬಾಗಿಲಿಂದ ಬಂದರೇನು, ಹೆಗಲಿಗೆ ಇಳಿದರೆ ಸಾಕು.

ನನ್ನ ಅಂಗಳ ಖಾಲಿ ಇದೆ ಅಂದೆ. ಅಷ್ಟೇ.

ಹೊರಟೆ. ದಾರಿಯಲ್ಲಿ ಹಾಶಿಮ್ ಜೀಪು ನಿಲ್ಲಿಸಿ ಎಚ್ಚರಿಕೆ ಕೊಟ್ಟ—ಅಕ್ರಮವಾಗಿ ಬಂದವರನ್ನು ಅಂಗಳದಲ್ಲಿಟ್ಟುಕೊಂಡರೆ ಠಾಣೆಗೆ ಬರೆದು ಕೊಡಬೇಕಾಗುತ್ತದೆ, ತನಗೆ ಬೇರೆ ದಾರಿ ಇಲ್ಲ. ಬರಿ ಅಂದೆ. ನನ್ನ ಹೆಸರು ತಪ್ಪಿಲ್ಲದೆ ಬರಿ. ಮುಷ್ಕರದ ಕಾಲದಲ್ಲಿ ಪೊಲೀಸರ ಹತ್ತಿರ ನನ್ನದೊಂದು ಫೈಲಿತ್ತು, ಅದಕ್ಕೇ ಸೇರಿಸಿಕೊಳ್ಳಲಿ. ಐವತ್ತು ವರ್ಷ ಆದ ಮೇಲೆ ನಿನ್ನ ಮೊಮ್ಮಗ ಕ್ಷಮೆ ಕೇಳುವಾಗ ಕೆಲಸಕ್ಕೆ ಬರುತ್ತದೆ.

ಗಾಜು ಏರಿಸಿಕೊಂಡು ಹೋದ.

ನವೆಂಬರ್ 7, ಮಂಗಳವಾರ, ಬೆಳಿಗ್ಗೆ

ಮಳೆ ಬಿಟ್ಟಿಲ್ಲ. ಇವತ್ತು ಒಲೆ ಹಚ್ಚಿಲ್ಲ.

ಜೆನಲ್ ಬಂದ. ಹೆಗಲ ಮೇಲೆ ಗಳು, ಹಿಂದೆ ಜನ. ಗಂಜಿ ಉಂಡವರೇ, ಅವೇ ಮುಖಗಳು. ನನ್ನ ಕಡೆ ಯಾರೂ ನೋಡುತ್ತಿಲ್ಲ. ಇವರ ಮೇಲೆ ಪ್ರೀತಿ ಉಕ್ಕಿತು ಅಂತ ಬರೆದರೆ ಸುಳ್ಳು. ಆದರೆ ನೀರಿಗೆ ಇಳಿದರು.

ಮೊದಲು ಬಾಗಿಲಿಗೆ ಹೋಗಿ ಕೇಳಿದನಂತೆ. ಬಾಗಿಲಿಗೇ. ಸೆನುವಾರಾ, "ನಾನಿದ್ದೀನಿ" ಅಂದಳಂತೆ. ಇದು ನಿನ್ನ ಮನೆ, ಕೆಡವೋಕೆ ಬಿಡಲ್ಲ, ಇಳಿದು ಬಾ ಮಗಳೇ ಅಂದನಂತೆ. ಇಳಿದಳು. ಈಗ ನನ್ನ ಶೆಡ್ಡಿನಲ್ಲಿ, ಹಿಟ್ಟಿನ ಮೂಟೆಗೆ ಒರಗಿ, ಒದ್ದೆ ದುಪಟ್ಟಾ ಹಿಂಡುತ್ತಿದ್ದಾಳೆ. ಲೋಟ ಮನೆಯಲ್ಲೇ ಇದೆ. ಚೆಲ್ಲಲಿ.

ಹಾಶಿಮನ ಜೀಪು ಅಂಗಳದ ದಾರಿಗೆ ಅಡ್ಡ ನಿಂತಿದೆ. ಒಳಗೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಾನೆ. ಮನೆ ಬಂದ ಮೇಲೆ ನೋಡೋಣ, ಜೀಪನ್ನೂ ಎತ್ತಲು ಬರುತ್ತದೆ ಇವರಿಗೆ.

ಕಡಲ ಕಡೆಯ ಮೂಲೆಗೆ ಜನ ಸಾಲದು. ಕಲಾಮಿಯಾ ಓಡಿ ಬಂದ, ಅದನ್ನೇ ಹೇಳಲು. ಹೆಂಗಸರು ಹೆಗಲು ಕೊಡುವ ಪದ್ಧತಿ ಇಲ್ಲ ಅಂತ ಹಿಂದಿನಿಂದ ಯಾರೋ—

ಜೆನಲ್ ಕೂಗುತ್ತಿದ್ದಾನೆ. ಮನೆಯನ್ನಲ್ಲ, ನನ್ನನ್ನು. "ಸು, ಬಾರೇ, ನೀರು ಏರ್ತಿದೆ." ಹೆಗಲಿಗೆ ಹಾಕಲು ಒಂದು ಬಟ್ಟೆ ಬೇಕು, ಸೆನುವಾರಾ ತನ್ನ ದುಪಟ್ಟಾ ಮಡಿಸಿ ನನ್ನ ಹೆಗಲಿಗೆ—