ಹೊಟ್ಟೆಗೆ ಕಟ್ಟಿದ ಬಟ್ಟೆ

ಜನವರಿ 20, ಸೋಮವಾರ

ಕಥೆ ಮೊದಲು ಹೇಳಿದ್ದು ಗೆಳತಿ ಮಹಬೂಬ್ ಬಿ. ನಿನ್ನೆ ಮಧ್ಯಾಹ್ನ, ನನ್ನ ಹೊಲಿಗೆ ಮಿಷಿನ್ ಪಕ್ಕ ಕೂತು. ಒಬ್ಬಳು ಹೆಂಗಸು ಇದ್ದಳಂತೆ. ಕೆಮ್ಮಿದರೂ ಸೀನಿದರೂ ಉಚ್ಚೆ ಜಾರುತ್ತಿತ್ತಂತೆ. ನಮಾಜಿಗೆ ಕೈಕಾಲು ತೊಳೆದು ನಿಲ್ಲುವಳು, ಒಂದು ಕೆಮ್ಮು — ಮತ್ತೆ ಹೋಗಿ ತೊಳೆಯುವಳು. ಕೊನೆಗೆ ನಾಲ್ಕು ಜನರ ನಡುವೆ ನಗುವುದನ್ನೇ ಬಿಟ್ಟಳಂತೆ.

"ಯಾರೇ ಅವಳು?"

"ನಾನೇ ಕಣಕ್ಕಾ. ಈಗ ನೀನು ಹೇಳು, ಹಾಡೋದು ಯಾಕೆ ಬಿಟ್ಟೆ?"

ಮಿಷಿನ್ ನಿಲ್ಲಿಸಿದೆ.

ಜನವರಿ 23

ನೀರು ಹೊತ್ತೆ. ಒದ್ದೆಯಾಯಿತು. ಸೀರೆ ಬದಲಿಸಿದೆ. ಸಾಕಾಗಿದೆ.

ಏಪ್ರಿಲ್‌ನಲ್ಲಿ ಅಮೂಲ್ಯಾಳ ಸೀಮಂತ. ಆರತಿಗೆ ಅಮ್ಮನೇ ಹಾಡಬೇಕು ಅಂತ ಮಗಳ ಹಟ. ದನಿ ಎತ್ತಿದರೆ ಏನಾಗುತ್ತದೆ ಅಂತ ನನಗೊಬ್ಬಳಿಗೇ ಗೊತ್ತು...

ಪೆಟ್ಟಿಗೆಯಿಂದ ಬಾಣಂತನದ ಬಟ್ಟೆ ತೆಗೆದೆ. ಅಮೂಲ್ಯಾ ಹುಟ್ಟಿದಾಗ ಅತ್ತೆ ನನ್ನ ಹೊಟ್ಟೆಗೆ ಸುತ್ತಿದ್ದ ಹಳೇ ಸೀರೆ. ಬಿಗಿಯಾಗಿ ಕಟ್ಟಿಕೊಂಡೆ. ಈಗಲಾದರೂ ನಿಂತೀತು.

ಫೆಬ್ರವರಿ 11

ನಿಲ್ಲಲಿಲ್ಲ, ಜಾಸ್ತಿಯಾಯಿತು. ಉಸಿರೂ ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಮಹಬೂಬ್ ಬಿ ಎಳೆದುಕೊಂಡು ತರೀಕೆರೆಗೆ ಹೋದಳು. ಅಲ್ಲಿನ ಆಸ್ಪತ್ರೆಯ ಫಿಸಿಯೋ ಅತೀಯಾ, ಚಿಕ್ಕ ಹುಡುಗಿ. ಬಟ್ಟೆ ನೋಡಿ ನಗಲಿಲ್ಲ.

"ಆಂಟಿ, ಪೇಸ್ಟ್ ಟ್ಯೂಬನ್ನ ನಡುವೆ ಹಿಸುಕಿದ್ರೆ ಪೇಸ್ಟ್ ಎಲ್ಲಿಗೆ ಹೋಗುತ್ತೆ? ಕೆಳಕ್ಕೇ ತಾನೇ?"

ವ್ಯಾಯಾಮ ಹೇಳಿಕೊಟ್ಟಳು. ಅಂಗಾತ ಮಲಗಿ ಮೊಣಕಾಲು ಮಡಚಬೇಕು. ಉಸಿರು ತೆಗೆದುಕೊಳ್ಳುವಾಗ ಹೊಟ್ಟೆ ಸಡಿಲ. ಬಿಡುವಾಗ, ಉಚ್ಚೆ ತಡೆದ ಹಾಗೆ ಕೆಳಗಿನದನ್ನು ಮೇಲಕ್ಕೆ ಎಳೆಯಬೇಕು. ಆಮೇಲೆ ಪೂರ್ತಿ ಸಡಿಲ ಬಿಡಬೇಕು. ಉಸಿರು ಕಟ್ಟಬಾರದು.

"ಸೀಮಂತದೊಳಗೆ ವಾಸಿ ಆಗುತ್ತೇನಮ್ಮಾ?"

"ತಿಂಗಳುಗಟ್ಟಲೆ ಮಾಡ್ಬೇಕು ಆಂಟಿ. ಬಿಡಬೇಡಿ."

ಬಟ್ಟೆ ಚೀಲದಲ್ಲಿಟ್ಟುಕೊಂಡು ನಮ್ಮೂರು ಶಿವನಿಗೆ ವಾಪಸ್.

ಫೆಬ್ರವರಿ 27

ಬಾಗಿಲು ಹಾಕಿಕೊಂಡು ಮಲಗಿದ್ದೆ. ಆಚೆಯಿಂದ ಅತ್ತೆ — "ಹಗಲೊತ್ನಲ್ಲಿ ಮನೀಕೊಳ್ಳಾದು ಅದ್ಯಾವ ಔಷಧಿನೇ?"

ನಗು ಬಂತು. ಎಳೆದದ್ದೆಲ್ಲ ಬಿಟ್ಟುಹೋಯಿತು. ಮತ್ತೆ ಮೊದಲಿಂದ.

ಏಪ್ರಿಲ್ 13, ಭಾನುವಾರ, ರಾತ್ರಿ

ನಡುವೆ ಬೇಸತ್ತು ಬಿಟ್ಟಿದ್ದೆ. ಮತ್ತೆ ಹಿಡಿದೆ. ಬರೆಯುವುದಕ್ಕೂ ಮನಸ್ಸಿರಲಿಲ್ಲ.

ಇವತ್ತು ಸೀಮಂತ. ಎರಡು ನುಡಿ ಹಾಡಿದೆ. ಮೂರನೆಯದಕ್ಕೆ ದನಿ ಎತ್ತಿದೆ — ಜಾರಿತು. ಸ್ವಲ್ಪವೇ. ನಿಲ್ಲಿಸಿದೆ.

"ಗಂಟ್ಲು ಕಟ್ಟೈತೆ ಕಣ್ರೀ ಅವಳಿಗೆ" ಅಂದರು ಅತ್ತೆ.

"ಗಂಟ್ಲಲ್ಲ ಅತ್ತೆ" ಅಂದೆ. ಯಾಕೆ ಅಂದೆನೋ. 'ಒಬ್ಬಳು ಹೆಂಗಸು ಇದ್ದಳಂತೆ' ಅಂತ ಶುರು ಮಾಡಿದವಳು, ಅವಳು ನಾನೇ ಅಂತ ಮುಗಿಸಿದೆ. ಬಟ್ಟೆಯ ಕಥೆಯನ್ನೂ ಹೇಳಿಬಿಟ್ಟೆ. ಅತ್ತೆ ಎದ್ದು ಒಳಗೆ ಹೋದರು. ಅಮೂಲ್ಯಾ ನನ್ನ ಕೈ ಹಿಡಿದು, "ಉಳಿದಿದ್ದು ಹಾಡಮ್ಮಾ" ಅಂದಳು. ತಗ್ಗಿದ ದನಿಯಲ್ಲೇ ಹಾಡಿ ಮುಗಿಸಿದೆ.

ಏಪ್ರಿಲ್ 14

ಬೆಳಿಗ್ಗೆ ಪಕ್ಕದ ಮನೆ ಕೆಂಚಮ್ಮ ಬಂದಳು. "ಚೂರು ಹೆಪ್ಪು ಇದ್ರೆ ಕೊಡೇ ಮಾಲಿನಿ." ಕೊಟ್ಟೆ. ಹೋಗಲಿಲ್ಲ. ಹಿಂದೆಯೇ ಇನ್ನೊಬ್ಬಳು ಬಟ್ಟಲು ಹಿಡಿದು, ಅವಳ ಹಿಂದೆ ಮತ್ತೊಬ್ಬಳು. ಒಂದೇ ರಾತ್ರಿಗೆ ಇಡೀ ಬೀದಿಯ ಮೊಸರು ಖಾಲಿ!

ಎಲ್ಲರಿಗೂ ಮಲಗಲು ಚಾಪೆ ಹಾಸಿದೆ. ಬಾಗಿಲು ಹಾಕಲು ಹೋದರೆ ಹೊಸ್ತಿಲಲ್ಲಿ ಅತ್ತೆ. ಅವರಿಗೆ ಹೆಪ್ಪಿನ ನೆಪವೂ ಇಲ್ಲ. ಗೋಡೆ ಹಿಡಿದುಕೊಂಡು ಬಂದು ಚಾಪೆಯ ತುದಿಯಲ್ಲಿ ಮಲಗಿದರು. ಮೊಣಕಾಲು ಮಡಚಿದರು.

"ನಂಗೂ ನಿನ್ ಗಂಡ ಹುಟ್ಟಿದಾಗ್ಲಿಂದ ಕಣೇ..." ಅಂದರು, ಸೂರು ನೋಡುತ್ತಾ.

ಉಸಿರು ಬಿಡಿ ಅತ್ತೆ, ಅಂದೆ. ಬಿಟ್ಟರು. ಎಷ್ಟು ಉದ್ದದ ಉಸಿರು! ಆಮೇಲೆ ಪೂರ್ತಿ ಸಡಿಲ ಬಿಟ್ಟರು.