ಬಿಳಿ ಬಟ್ಟೆ ಮಡಚುವವರೆಗೆ

ಅಕ್ಕನ ಮನೆಯಿಂದ,
ಸೋಮವಾರ ಬೆಳಿಗ್ಗೆ

ರೀ, ಲಾಂಡ್ರಿ ಯಜಮಾನರೇ,

ನಾನು ಬದುಕಿದ್ದೇನೆ. ನೀವು ಕ್ಷೇಮವೇ ಅಂತ ಕೇಳುವಷ್ಟು ಒಳ್ಳೆಯತನ ಇವತ್ತು ನನ್ನಲ್ಲಿಲ್ಲ. ಮುನಿಸಿಕೊಂಡು ಬಂದು ಒಂದೂವರೆ ತಿಂಗಳಾದರೂ ಸಿಟ್ಟು ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡೋಣ ಅಂತ ಕೂತೆ.

ಅಂಗಡಿಗೆ ಬಂದವರ ಮುಂದೆಲ್ಲ ಏನು ಹೇಳುತ್ತಿದ್ದಿರಿ, ನೆನಪಿದೆಯೇ? ಇವಳ ಹೊಟ್ಟೆ ಉರಿಗೆ ಇವಳ ಸಿಟ್ಟೇ ಕಾರಣ ಅಂತ. ಪರದೆ ಒಗೆಯಲು ಕೊಟ್ಟ ಟೀಚರಮ್ಮನೂ ಕಿಸಕ್ಕನೆ ನಕ್ಕರು. ಅವತ್ತೇ ನಾನು ಚೀಲ ತುಂಬಿದ್ದು.

ಈಗ ಕೇಳಿ. ಹೋದ ವಾರ ಅಕ್ಕನ ಬಚ್ಚಲಲ್ಲಿ ವಾಂತಿಯಾಯಿತು, ಕಾಫಿ ಗಸಿಯ ಹಾಗೆ ಕಪ್ಪುಗಂದು. ಅದಕ್ಕೂ ಎರಡು ದಿನ ಮೊದಲಿಂದ ಕಕ್ಕಸು ಡಾಂಬರಿನ ಹಾಗೆ ಹೋಗುತ್ತಿತ್ತು, ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಆಮೇಲೆ ಕಣ್ಣು ಕತ್ತಲೆ ಬಂದು ಕುಸಿದೆ. ಆಸ್ಪತ್ರೆಯಲ್ಲಿ ಗಂಟಲೊಳಗೆ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡಿದರು. ಹೊಟ್ಟೆಯಲ್ಲಿ ಹುಣ್ಣು, ರಕ್ತ ಜಿನುಗುತ್ತಿದೆ. ಒಂದು ಚೂರು ತೆಗೆದು ಕ್ರಿಮಿ ಇದೆಯೇ ಅಂತಲೂ ಪರೀಕ್ಷೆ ಮಾಡಿದರು. ಎಷ್ಟೋ ಜನಕ್ಕೆ ಅದರಿಂದಲೇ ಹುಣ್ಣಾಗುತ್ತದಂತೆ, ನನಗೆ ಅದಿಲ್ಲ. ಸಿಟ್ಟಿನಿಂದ ಬಂತೇ ಅಂತ ನಾನೇ ಕೇಳಿದೆ. ಸಿಟ್ಟಿಗೆ ಹೊಟ್ಟೆ ತೂತಾಗುವುದಾದರೆ ದಿನಾ ರೇಗುವ ತಮ್ಮದೇ ಹೊಟ್ಟೆ ಜರಡಿಯಾಗಿರಬೇಕಿತ್ತು ಅಂದರು ಡಾಕ್ಟರಮ್ಮ. ಆಮೇಲೆ ಯಾವ ಮಾತ್ರೆ ನುಂಗುತ್ತೀರಿ ಅಂತ ವಿಚಾರಿಸಿದರು.

ಅಲ್ಲಿ ನಿಮ್ಮ ಕಾನೂನು ಹೊರಬಿತ್ತು. ಬಿಳಿ ಬಟ್ಟೆ ಮಡಚಿ ಮುಗಿಯುವವರೆಗೆ ಒಂದು ತುತ್ತೂ ಮುಟ್ಟಕೂಡದು, ಬೆರಳಿನ ಜಿಡ್ಡು ಹೋಟೆಲಿನವರ ಚಾದರಕ್ಕೆ ಹತ್ತುತ್ತದೆ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಭುಜದ ನೋವಿಗೆ ಮಾತ್ರೆ, ಮೇಲೊಂದು ಲೋಟ ಬರೀ ಟೀ, ಹನ್ನೊಂದರವರೆಗೆ ಹೊಟ್ಟೆ ಖಾಲಿ. ಇಲ್ಲಿಗೆ ಬಂದ ಮೇಲೂ ಮಾತ್ರೆ ಬಿಟ್ಟಿರಲಿಲ್ಲ. ಆ ನೋವಿನ ಮಾತ್ರೆಯೇ ಹೊಟ್ಟೆಯ ಒಳಪದರ ತಿಂದುಹಾಕಿದೆಯಂತೆ. ಹಸಿದಾಗ ಉರಿ ಎದ್ದು, ತಿಂದರೆ ಒಂದಿಷ್ಟು ಹೊತ್ತು ತಣ್ಣಗಾಗುತ್ತಿತ್ತಲ್ಲ, ಅದೂ ಒಂದು ಗುರುತಂತೆ. ನೀವು ಅದನ್ನು ತಿನ್ನಲು ನೆಪ ಅಂದಿರಿ.

ಚಾದರಕ್ಕೆ ಒಂದು ಚುಕ್ಕೆ ಹತ್ತಿದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುವವರು ನೀವು. ನನ್ನ ಮುಖ ಅದೇ ಚಾದರದ ಹಾಗೆ ಬಿಳಿಚಿಕೊಂಡಾಗ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಇನ್ನು ನಿಮ್ಮ ವಿಷಯ. ಮೊನ್ನೆ ನನ್ನ ಕನ್ನಡಕ ತರಲು ಬಂದ ಅಕ್ಕ ಎಲ್ಲ ನೋಡಿದ್ದಾಳೆ. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಹೊಟ್ಟೆ ಅಮುಕಿಕೊಂಡು, ಮೇಜಿಗೆ ಒರಗಿ ನಿಂತಿದ್ದಿರಂತೆ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲವಂತೆ. ಏನಾಯಿತು ಅಂದರೆ ಗ್ಯಾಸು ಅಂದಿರಂತೆ. ಯಾರ ಕಿವಿಗೆ ಹೂವಿಡುತ್ತೀರಿ? ನಾನು ನುಂಗಿದ್ದೂ ನೀವು ನುಂಗುವುದೂ ಒಂದೇ ಡಬ್ಬಿಯ ಮಾತ್ರೆ. ಆ ಡಬ್ಬಿಯನ್ನು ಇವತ್ತೇ ಎತ್ತಿಡಿ, ಬಿಳಿ ಬಟ್ಟೆ ಹಾಳಾಗಿ ಹೋಗಲಿ, ಮೊದಲು ಏನಾದರೂ ತಿನ್ನಿ. ಕಕ್ಕಸಿಗೆ ಹೋದಾಗ ತಿರುಗಿ ನೋಡಿ. ಹತ್ತು ಮಾರು ದೂರದಿಂದ ಕಲೆ ಗುರುತಿಸುವವರಿಗೆ ಅದು ಕಾಣದೇ? ಕಪ್ಪಗಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ.

ಇಷ್ಟು ಬರೆದೆ ಅಂತ ನಾನು ರಾಜಿಯಾದೆ ಅಂದುಕೊಳ್ಳಬೇಡಿ.

ನೀವೇ ಹೆಸರಿಟ್ಟ,
ಸಿಡುಕಿ

ಮರೆತಿದ್ದು: ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ, ಒಂದನ್ನು ಬಿಟ್ಟು. ನಿಮಗೆ ಮಣಿಕಟ್ಟು ಊದಿದಾಗ, ಬೇಡ ಬೇಡ ಅಂದರೂ ಕೇಳದೆ, ಮೊದಲ ಮಾತ್ರೆ ನಿಮ್ಮ ಅಂಗೈಗೆ ಹಾಕಿದವಳು ನಾನು. ಆಸ್ಪತ್ರೆಯಲ್ಲಿ ಮಲಗಿದಷ್ಟು ದಿನವೂ ಅದೇ ಯೋಚನೆ. ಗುರುವಾರ ಹತ್ತು ಗಂಟೆಗೆ ಅದೇ ಡಾಕ್ಟರಮ್ಮನ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ಆ ಕೊಳವೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಅದನ್ನು ನಿಮಗೆ ಕಲಿಸಬೇಕಾಗಿಲ್ಲ. ಮುಗಿದ ಮೇಲೆ ತಿನ್ನುವುದಕ್ಕೆ ನಾನು ಬುತ್ತಿ ತರುತ್ತೇನೆ.