ಕೆಂಪಾಗದ ಪಾಯಿನ್ಸೆಟಿಯಾ

ನವೆಂಬರ್ 19, ಬುಧವಾರ

ಪಾಯಿನ್ಸೆಟಿಯಾ ಗಿಡದಲ್ಲಿ ಇವತ್ತಿಗೂ ಒಂದೇ ಒಂದು ಕೆಂಪು ಎಲೆಯಿಲ್ಲ. ನನಗಂತೂ ತಲೆ ಚಿಟ್ಟು ಹಿಡಿದಿದೆ. ಎಲೆ ಕೆಂಪಾಗಬೇಕಾದರೆ ದಿನಕ್ಕೆ ಹದಿನಾಲ್ಕು ಗಂಟೆ ಒಂದು ಚೂರೂ ಬೆಳಕು ತಾಗಬಾರದು ಎಂದಿದ್ದ ನರ್ಸರಿಯವನು. ನಲವತ್ತು ದಿನದಿಂದ ಸಂಜೆ ಐದಕ್ಕೆ ರಟ್ಟಿನ ಪೆಟ್ಟಿಗೆ ಮುಚ್ಚಿ, ಬೆಳಿಗ್ಗೆ ಏಳಕ್ಕೆ ತೆಗೆಯುತ್ತಿದ್ದೇನೆ. ಗೆಳತಿಯ ಮಗಳ ಮದುವೆಯಿಂದಲೂ ಊಟ ಬಿಟ್ಟು ಓಡಿ ಬಂದೆ. ಆ ಕೋಣೆಯಲ್ಲಿ ದೀಪ ಹಾಕುತ್ತೀರಿ ಎಂದು ಇವರನ್ನು ವಾರವಿಡೀ ಬೈದೆ, ಪಾಪ.

ಇಂದು ರಾತ್ರಿ ಏಳೂವರೆಗೆ ಹೋಗಿ ನೋಡಿದರೆ, ಅತ್ತೆ ಪೆಟ್ಟಿಗೆ ಎತ್ತಿಟ್ಟು ಗಿಡಕ್ಕೆ ಟಾರ್ಚ್ ಬಿಟ್ಟುಕೊಂಡು ಕೂತಿದ್ದಾರೆ.

"ದಿನಾ ಹೀಗೇ ನೋಡ್ತೀರಾ?"

"ಒಂದೇ ನಿಮಿಷ ಕಣೆ. ಅವಳು ತಂದಿದ್ದಲ್ವಾ, ಕತ್ತಲಲ್ಲಿ ಹೇಗಿದೆಯೋ ಅನ್ಸುತ್ತೆ."

ನಾದಿನಿ ಈ ಗಿಡ ತಂದದ್ದು ಕಳೆದ ಡಿಸೆಂಬರಿನಲ್ಲಿ. ಮಾರ್ಚಿನಲ್ಲಿ ಅವಳೇ ಹೋಗಿಬಿಟ್ಟಳು.

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಪೂರ್ತಿ ನುಂಗಲಾಗಲಿಲ್ಲ, "ನಲವತ್ತು ದಿನ ಮಣ್ಣುಪಾಲಾಯ್ತು" ಎಂದೇಬಿಟ್ಟೆ. ಅವರು ಟಾರ್ಚಿನ ಸೆಲ್ಲುಗಳನ್ನು ಕಳಚಿ ನನ್ನ ಕೈಗಿಟ್ಟರು.

"ನೀನೇ ಇಟ್ಕೋ. ನನ್ನ ಹತ್ರ ಇದ್ರೆ ನೋಡದೇ ಇರಕ್ಕಾಗಲ್ಲ."

ನಾಳೆಯಿಂದ ಮತ್ತೆ ಒಂದನೇ ದಿನ. ಜನವರಿಯ ಕೊನೆಗಾದರೂ ಕೆಂಪಾಗಬೇಕು. ಆಗದಿದ್ದರೆ ಅತ್ತೆಗೆ ನಾನು ಏನೆಂದು ಹೇಳಲಿ?